ಶೆಟ್ಟಿಕೊಪ್ಪದಿಂದ ತಂದ ಗರಗಸ

ಹದಿನೆಂಟು ವರ್ಷ ಔಷಧಿ ಅಂಗಡಿಯಲ್ಲಿ ಕೂತವನಿಗೆ ಯಾವ ವಸ್ತುವನ್ನಾದರೂ ಹಿಂದೆ ತಿರುಗಿಸಿ ನೋಡುವ ಚಟ ಅಂಟಿಕೊಂಡುಬಿಡುತ್ತದೆ. ಕೊಪ್ಪದ ಪೇಟೆಯಲ್ಲಿ ನನ್ನ ಅಂಗಡಿ. ತಾರೀಖು ನೋಡದೆ ಬಿಸ್ಕತ್ತಿನ ಪೊಟ್ಟಣವನ್ನೂ ಒಡೆಯುವವನಲ್ಲ ನಾನು. ಹಾಗಾಗಿ ಮನೆಗೊಂದು ಬ್ಯಾಂಡ್ ಸಾ ತರಬೇಕೆಂದು ಮನಸ್ಸು ಮಾಡಿದ ಮೇಲೂ ತರುವುದಕ್ಕೆ ಒಂದೂವರೆ ವರ್ಷ ಹಿಡಿಯಿತು.

ಬ್ಯಾಂಡ್ ಸಾ ಎಂದರೆ ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಸುತ್ತಿ ಬೆಲ್ಟಿನಂತೆ ಓಡುವ ಗರಗಸದ ಪಟ್ಟಿ. ಹಲಗೆಯನ್ನು ಅದಕ್ಕೆ ಒಡ್ಡಿ ತಿರುಗಿಸಿದರೆ ಬಳುಕಿದ ಗೆರೆಯಲ್ಲೂ ಕೊಯ್ಯುತ್ತದೆ. ನನಗೆ ವ್ಯಾಸಪೀಠ ಮಾಡುವ ಹುಚ್ಚು. ಒಂದೇ ಹಲಸಿನ ಹಲಗೆಯನ್ನು ಸೀಳಿ, ಕೀಲನ್ನೂ ಅದರಲ್ಲೇ ಕೆತ್ತಬೇಕು. ಬಿಡಿಸಿದರೆ ಪುಸ್ತಕ ಇಡುವ ಪೀಠ, ಮಡಚಿದರೆ ಮತ್ತೆ ಹಲಗೆ. ಶೃಂಗೇರಿಯ ಒಂದು ಅಂಗಡಿಯವರು ನಾನು ಮಾಡಿದ ಎರಡನ್ನು ಇಟ್ಟುಕೊಂಡು ಇನ್ನಷ್ಟು ಬೇಕು ಎಂದಿದ್ದರು. ಕೈಗರಗಸದಲ್ಲಿ ಒಂದು ಹಲಗೆ ಸೀಳುವಷ್ಟರಲ್ಲಿ ನನ್ನ ಭಾನುವಾರವೇ ಮುಗಿದು ಹೋಗುತ್ತಿತ್ತು.

ಮೊದಲು ಆನ್‌ಲೈನಿನಲ್ಲಿ ಹುಡುಕಿದೆ. ಕೈಗೆಟುಕುವ ಬೆಲೆಯವೆಲ್ಲ ಮೇಜಿನ ಮೇಲೆ ಕೂರುವ ಪುಟ್ಟ ಮಷೀನುಗಳು. ಹೊಗಳಿ ಬರೆದವರ ಮಾತುಗಳನ್ನು ಓದುತ್ತಾ ಹೋದರೆ, ಬೇರೆ ಬೇರೆ ಹೆಸರಿನ ನಾಲ್ಕು ಜನ ಒಂದೇ ವಾಕ್ಯವನ್ನು ಒಂದೇ ತಪ್ಪಿನೊಂದಿಗೆ ಬರೆದಿದ್ದರು. ಅಲ್ಲಿಗೆ ಅದನ್ನು ಬಿಟ್ಟೆ. ಶಿವಮೊಗ್ಗದ ಒಂದು ಅಂಗಡಿಗೆ ಹೋದರೆ, ದೊಡ್ಡ ಮಷೀನಿನ ಮೋಟಾರಿನ ಬಗ್ಗೆ ಕೇಳಿದ ಪ್ರಶ್ನೆಗೆಲ್ಲ ಅಂಗಡಿಯವನು ಬಣ್ಣದ ಬಗ್ಗೆ ಉತ್ತರ ಕೊಟ್ಟ. ಅದನ್ನೂ ಬಿಟ್ಟೆ.

ಕೊನೆಗೆ ನನ್ನ ಅಂಗಡಿಗೆ ಮಾತ್ರೆ ಒಯ್ಯಲು ಬರುವ ಒಬ್ಬರು ಶೆಟ್ಟಿಕೊಪ್ಪದಲ್ಲಿ ಹಳೆಯದೊಂದು ಇದೆ ಎಂದರು. ಗಂಡ ಹೆಂಡತಿ ಇಬ್ಬರ ಮನೆ. ಗಂಡ ಮಣೆ, ಸ್ಟೂಲು, ತೊಟ್ಟಿಲು ಮಾಡಿಕೊಂಡಿದ್ದವರು, ಈಗ ನಿಲ್ಲಿಸಿದ್ದಾರಂತೆ. ಮುಂದಿನ ಭಾನುವಾರವೇ ಹೋದೆ.

ಮಷೀನು ಚೆನ್ನಾಗಿತ್ತು. ಬೀಡು ಕಬ್ಬಿಣದ ಚಕ್ರಗಳು, ಮನೆಯ ಕರೆಂಟಿಗೇ ಓಡುವ ಮೋಟಾರು. ಆ ಮನೆಯಾಕೆ ಹೇಳಿದ ಬೆಲೆ ಕೇಳಿದ ಕೂಡಲೇ ನನಗೆ ಅನುಮಾನ ಶುರುವಾಯಿತು. ಅಷ್ಟು ಕಡಿಮೆ. ಗಂಡ ಜಗಲಿಯ ಕುರ್ಚಿಯಲ್ಲಿ ಬಲಗೈ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು.

"ಇದರಲ್ಲಿ ಎಂತ ಕೊಯ್ತೀರಿ ಸಾರ್?" ಎಂದು ಆಕೆಯೇ ನನ್ನನ್ನು ವಿಚಾರಿಸಿದರು.

"ವ್ಯಾಸಪೀಠ."

"ಬೇರೆ ಎಂತದೂ ಇಲ್ವಾ? ಸರಿಯಾಗಿ ಹೇಳಿ. ಮುಂಚೆ ಇಬ್ಬರು ಬಂದಿದ್ರು, ಕಾಡಿನ ಬೀಟೆ ಕದ್ದು ಕೊಯ್ಯೋರು. ಕೊಡಲ್ಲ ಅಂದೆ."

ನಾನು ಆಕೆಯನ್ನು ನಂಬಲಿಲ್ಲ. ಆಕೆಯೂ ನನ್ನನ್ನು ಪೂರ್ತಿ ನಂಬಿದಂತೆ ಕಾಣಲಿಲ್ಲ. ಮೋಟಾರು ಎಷ್ಟು ಹಳತು, ಕರೆಂಟು ಎಷ್ಟು ಎಳೆಯುತ್ತದೆ, ಬಿಲ್ಲು ಇದೆಯೇ ಎಂದೆಲ್ಲ ಕೇಳಿದೆ. ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟರು. ತಪ್ಪು ಹಿಡಿಯಲು ಏನೂ ಸಿಗದೆ ದುಡ್ಡು ಎಣಿಸಿದೆ. ಗೂಡ್ಸ್ ಆಟೋಗೆ ಏರಿಸುವಾಗ ಆಕೆ, ನಾನು, ಆಟೋದವನು ಮೂವರೂ ಏದುಸಿರು ಬಿಟ್ಟೆವು. ಗಂಡ ಎದ್ದು ಬರಲಿಲ್ಲ. ಅದೂ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

"ಒಳ್ಳೇ ಮಷೀನನ್ನು ಇಷ್ಟು ಕಡಿಮೆಗೆ ಯಾರು ಕೊಡ್ತಾರೆ?" ಎಂದು ನನ್ನ ಹೆಂಡತಿ, ಮಷೀನು ಇಳಿಸಿದ ನಮ್ಮ ಸೌದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದಳು. ಅದೇ ಪ್ರಶ್ನೆ ದಾರಿಯುದ್ದಕ್ಕೂ ನನ್ನದೂ ಆಗಿದ್ದರಿಂದ ಅವಳ ಮೇಲೆ ಸಿಟ್ಟು ಬಂತು.

ಕೊಯ್ದು ನೋಡಿದಾಗ ಉತ್ತರ ಸಿಕ್ಕಿತು ಎಂದುಕೊಂಡೆ. ಗೆರೆ ನೇರ ಹಾಕಿದ್ದರೂ ಕೊಯ್ತ ಬಲಕ್ಕೆ ಓಡಿತು. ಪಟ್ಟಿ ಅತ್ತಿತ್ತ ವಾಲದಂತೆ ಹಿಡಿಯಬೇಕಾದ ಜಾಗದಲ್ಲಿ ಎಣ್ಣೆ ಕುಡಿದ ಮರದ ತುಂಡುಗಳನ್ನು ಸಿಕ್ಕಿಸಿದ್ದರು. ಅದನ್ನು ನೋಡಿ, ಮೋಸ ಹೋದೆ ಎಂದೇ ನಿಶ್ಚಯಿಸಿದೆ. ಮರದ ತುಂಡು ತೆಗೆದು ಬೇರಿಂಗ್ ಹಾಕಿಸಿದೆ. ಹೊಸ ಬ್ಲೇಡು ತರಿಸಿದೆ. ಮೋಟಾರಿನ ಬೆಲ್ಟು ಬದಲಾಯಿಸಿದೆ. ಕೊಯ್ತ ಮತ್ತೂ ಬಲಕ್ಕೇ ಓಡಿತು.

ಅಷ್ಟರಲ್ಲಿ ಫಾರೆಸ್ಟಿನವರಿಗೆ ಯಾರೋ ಹೇಳಿಬಿಟ್ಟಿದ್ದರು. ಒಂದು ಬೆಳಿಗ್ಗೆ ಫಾರೆಸ್ಟ್ ಗಾರ್ಡ್ ಬಂದು ನಿಂತರು. ಅವರ ತಾಯಿಗೆ ಬಿ.ಪಿ. ಮಾತ್ರೆ ಕೊಡುವವನು ನಾನೇ. ಆದರೆ ಆ ದಿನ ಅವರ ಮುಖದಲ್ಲಿ ಆ ಗುರುತೇ ಇರಲಿಲ್ಲ.

"ಮರ ಕೊಯ್ಯೋ ಮಷೀನು ಇಳಿಸಿದ್ದೀರಂತೆ. ನೋಡಬಹುದಾ?"

ಮೂಲೆಯಲ್ಲಿದ್ದ ಹಲಸಿನ ಚೂರುಗಳನ್ನು ಕಾಲಿನಿಂದ ಸರಿಸಿ ಸರಿಸಿ ನೋಡಿದರು. ಒಂದನ್ನು ಮೂಸಿಯೂ ನೋಡಿದರು. ನಮ್ಮ ಓಣಿಯಲ್ಲಿ ಯಾರು ಹೇಳಿರಬಹುದು ಎಂದು ನಾನು ಮನಸ್ಸಿನಲ್ಲೇ ಒಂದೊಂದು ಮನೆಯ ಬಾಗಿಲು ತಟ್ಟುತ್ತಿದ್ದೆ. "ಓಡಿಸಿ ತೋರ್ಸಿ" ಎಂದರು. ಓಡಿಸಿದೆ. ಹಲಗೆ ಅರ್ಧ ದಾಟುವಷ್ಟರಲ್ಲಿ ಕೊಯ್ತ ಗೆರೆ ಬಿಟ್ಟು ಎಲ್ಲಿಗೋ ಹೊರಟಿತು. ಗಾರ್ಡ್ ಮೊದಲ ಸಲ ನಕ್ಕರು.

"ಇದರಲ್ಲಿ ಕಳ್ಳಮರ ಕೊಯ್ದರೆ ಕಳ್ಳನಿಗೇ ನಷ್ಟ ಮಾರಾಯ್ರೆ. ಕೊಟ್ಟವರ ಹತ್ತಿರ ಕೇಳಿ."

ಅವರು ಹೋದ ಮೇಲೆ ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮಧ್ಯಾಹ್ನ ಅಂಗಡಿಯನ್ನು ಹೆಂಡತಿಗೆ ವಹಿಸಿ ಶೆಟ್ಟಿಕೊಪ್ಪಕ್ಕೆ ಹೋದೆ. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಆಕೆ ಅರ್ಧ ಕೇಳಿಸಿಕೊಂಡು, "ಬಲಕ್ಕೆ ಓಡ್ತದಾ, ಎಡಕ್ಕಾ?" ಎಂದರು.

"ಬಲಕ್ಕೆ."

"ಬ್ಲೇಡು ಚಕ್ರದ ನಡುವೆ ನಿಲ್ತದಾ, ಅಂಚಿಗೆ ಬರ್ತದಾ?"

ನಾನು ನೋಡಿರಲಿಲ್ಲ. ಆಕೆ ಗಂಡನ ಕಡೆ ತಿರುಗಿ, "ನಾಳೆ ಮೊದಲನೇ ಬಸ್ಸಿಗೆ ಹೋಗಿ ಬರ್ತೀನಿ" ಎಂದರು. ಅವರು ತಲೆ ಆಡಿಸಿದರು. ಆಗ ನನಗೆ ಹೊಳೆಯಿತು: ಆ ಮನೆಯಲ್ಲಿ ಹೆಸರು ಗಂಡನದು, ಮಷೀನಿನ ಮುಂದೆ ನಿಲ್ಲುತ್ತಿದ್ದವರು ಬಹುಪಾಲು ಈಕೆ. ನನಗೆ ಅದು ತೋಚಿಯೇ ಇರಲಿಲ್ಲ.

ಮಾರನೆಯ ದಿನ ಆಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಪ್ಲಗ್ ಕಿತ್ತು ತಮ್ಮ ಕಾಲ ಬಳಿ ಇಟ್ಟುಕೊಂಡರು. ಮೇಲಿನ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಅದರ ಸುತ್ತಲಿನ ರಬ್ಬರಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇಲ್ಲಿ ಮುಟ್ಟಿ ನೋಡಿ. ನಡುವೆ ಉಬ್ಬು ಇರಬೇಕು. ಸವೆದು ಹಳ್ಳ ಬಿದ್ದಿದೆ. ಬ್ಲೇಡು ನಿಲ್ಲೋದು ಎಲ್ಲಿ? ಬೇರಿಂಗ್ ಹಾಕ್ಸಿದ್ದು ಒಳ್ಳೇದೇ. ಆದರೆ ರೋಗ ಅಲ್ಲಿರಲಿಲ್ಲ."

ಔಷಧಿ ಅಂಗಡಿಯವನಿಗೆ ಆ ಮಾತು ಸರಿಯಾಗಿ ತಾಗಿತು. ಹಳೆಯ ರಬ್ಬರನ್ನು ಉಳಿಯಿಂದ ಎಬ್ಬಿಸಿ, ಪೇಟೆಯಿಂದ ತಂದ ಹೊಸ ರಬ್ಬರನ್ನು ಅಂಟಿಸಿ, ಒಣಗಿದ ಮೇಲೆ ಮರ ಉಜ್ಜುವ ಉಪ್ಪು ಕಾಗದದಿಂದ ಅಂಚುಗಳನ್ನಷ್ಟೇ ಉಜ್ಜಿ ನಡುವೆ ಉಬ್ಬು ತಂದರು. ಬ್ಲೇಡು ಏರಿಸಿ, ತಿರುಗಿಸಿ, ಬಿಗಿ ಮಾಡಿ ಮತ್ತೆ ತಿರುಗಿಸಿದರು. ಪಟ್ಟಿ ಚಕ್ರದ ನಡುವೆಯೇ ನಿಂತಿತು. ನಂತರ ಪ್ಲಗ್ ನನಗೆ ಕೊಟ್ಟು, ಕೊಯ್ಯಿರಿ ಎಂದರು.

ನಾನು ಹಲಗೆ ಹಿಡಿದು ನಿಂತೆ. ಸ್ವಿಚ್ ಒತ್ತುವ ಮೊದಲೇ ಆಕೆ ನನ್ನ ಮಣಿಕಟ್ಟು ಹಿಡಿದರು.

"ಇಷ್ಟು ದಿನ ಈ ಬ್ಲೇಡಿನ ಗಾರ್ಡು ಇಷ್ಟು ಎತ್ತರ ಇಟ್ಕೊಂಡೇ ಕೊಯ್ತಿದ್ರಾ?"

ಪಟ್ಟಿಯನ್ನು ಮುಚ್ಚುವ ಆ ತಗಡು ಹಲಗೆಯಿಂದ ಗೇಣುದ್ದ ಮೇಲಿತ್ತು. ಕೆಳಗೆ ಬರಿ ಹಲ್ಲು. ಆಕೆ ಅದನ್ನು ಹಲಗೆಗೆ ತಾಗುವಷ್ಟು ಇಳಿಸಿದರು. ದನಿ ಬೇರೆಯಾಗಿತ್ತು.

"ನಮ್ಮನೆಯವರ ಎರಡು ಬೆರಳು ಹೋದದ್ದು ಇಲ್ಲೇ. ಹೀಗೇ ಮೇಲಿತ್ತು."

ನಾನು ಹಲಗೆ ಕೆಳಗಿಟ್ಟೆ. ಆಮೇಲೆ ಸಿಟ್ಟು ಬಂತು.

"ಇದನ್ನು ಆವತ್ತೇ ಯಾಕೆ ಹೇಳಲಿಲ್ಲ?"

"ಬೆರಳು ತಿಂದ ಮಷೀನು ಅಂದರೆ ಯಾರು ತಗೊಳ್ತಾರೆ ಸಾರ್? ಮನೇಲಿ ಅದನ್ನ ನೋಡ್ತಾ ಇರೋಕೆ ನಮಗೆ ಆಗ್ತಿರಲಿಲ್ಲ." ಗಾರ್ಡಿನ ತಿರುಪನ್ನು ಬಿಗಿ ಮಾಡುತ್ತಾ ಮತ್ತೆ ಹೇಳಿದರು: "ನೀವೂ ಅಷ್ಟೇ. ಮೋಟಾರು ಎಷ್ಟು ಹಳತು ಕೇಳಿದ್ರಿ, ಬಿಲ್ಲು ಕೇಳಿದ್ರಿ. ಅವರ ಕೈಗೆ ಎಂತಾಯ್ತು ಅಂತ ಕೇಳಲಿಲ್ಲ."

ಬಚ್ಚಿಟ್ಟದ್ದು ಆಕೆಯ ತಪ್ಪು ಎಂದು ಈಗಲೂ ಅನ್ನಿಸುತ್ತದೆ. ಟವೆಲ್ಲನ್ನು ಕಂಡೂ ಬರೀ ಸಂಶಯಪಟ್ಟು ಬಂದದ್ದು ನನ್ನ ತಪ್ಪು. ಯಾವುದು ದೊಡ್ಡದು ಎಂದು ತೀರ್ಮಾನಿಸಲು ಹೋಗಿಲ್ಲ.

ಆಕೆಯ ಎದುರಿಗೇ ಕೊಯ್ದೆ. ಗೆರೆಯ ಮೇಲೇ ಹೋಯಿತು. ಹಲಗೆ ತಳ್ಳುವುದಕ್ಕೆ ಕೈ ಬೇಡ, ಕೋಲಿರಲಿ ಎಂದು ಅಲ್ಲೇ ಬಿದ್ದಿದ್ದ ಚೂರಿನಲ್ಲಿ ಒಂದು ತುದಿಗೆ ಕಚ್ಚು ಹಾಕಿ ಮಾಡಿಕೊಟ್ಟರು. ಬೇಕಾದಾಗ ಬಂದು ನೀವೂ ಇಲ್ಲಿ ಕೊಯ್ದುಕೊಳ್ಳಿ ಎಂದೆ. "ಬೇಡ" ಎಂದರು, ಒಂದೇ ಮಾತು. ನನ್ನ ಹೆಂಡತಿ ಬಡಿಸಿದ ಊಟ ಮಾಡಿ ಎರಡೂವರೆಯ ಬಸ್ಸಿಗೆ ಹೋದರು.

ಊಟದ ಹೊತ್ತಿನಲ್ಲಿ ಹೆಂಡತಿ ಎಲ್ಲ ಕೇಳಿ ತಿಳಿದುಕೊಂಡಿದ್ದಳು. ಬಸ್ಸು ಹೊರಟ ಮೇಲೆ, ಮಷೀನು ಮಾರಿ ಎಂದಳು. ಮಾರಲಿಕ್ಕೆ ಹೊರಟರೆ ಬೆರಳಿನ ಕಥೆ ನಾನು ಹೇಳಬೇಕೋ ಬೇಡವೋ ಎಂದು ಕೇಳಿದೆ. ಮೂರು ದಿನ ಇಬ್ಬರೂ ಕೊಟ್ಟಿಗೆಯ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಅವಳೇ ಬೀಗದ ಕೈ ತಂದು, "ನಾನು ಇದ್ದಾಗ ಮಾತ್ರ ಓಡಿಸಿ" ಎಂದಳು.

ಆ ತಿಂಗಳು ಐದು ವ್ಯಾಸಪೀಠ ಶೃಂಗೇರಿಗೆ ಹೋದವು. ಈಗ ಭಾನುವಾರ ನಾನು ಕೊಯ್ಯುತ್ತೇನೆ, ಅವಳು ತರಕಾರಿ ಹೆಚ್ಚುತ್ತಾ ಎದುರಿಗೆ ಕೂತಿರುತ್ತಾಳೆ. ಬ್ಲೇಡಿನ ಗಾರ್ಡು ಹಲಗೆಯಿಂದ ಒಂದು ಬೆರಳಷ್ಟು ಮೇಲಿದ್ದರೂ ಚಾಕು ಕೆಳಗಿಟ್ಟು ಎದ್ದು ಹೋಗಿ ಸ್ವಿಚ್ಚು ಆರಿಸುತ್ತಾಳೆ.