ಹಲ್ಲಿಲ್ಲದ ಆ ನಗು

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದಿದ್ದೆ. ಮೊನ್ನೆ ಹಲ್ಲಿನ ಸೆಟ್ಟು ಸರಿಮಾಡಿಸಲು ಬಸವನಗುಡಿಯ ದಂತವೈದ್ಯರಲ್ಲಿಗೆ ಹೋಗಿದ್ದೆ. ಹುಟ್ಟಿನಿಂದಲೇ ಮುಂದಿನ ಎರಡು ಹಲ್ಲು ಬಾರದ ಯುವತಿಯೊಬ್ಬಳು ತಾಯಿಯೊಡನೆ ಬಂದಿದ್ದಳು. ಹೊಸ ಹಲ್ಲು ಹುಟ್ಟಿಸುವ ಔಷಧಿಯನ್ನು ಜಪಾನಿನಲ್ಲಿ ಇನ್ನೂ ಪ್ರಯೋಗ ಮಾಡುತ್ತಿದ್ದಾರೆ, ಇಲ್ಲಿಗೆ ಬರಲು ವರ್ಷಗಳೇ ಬೇಕು ಎಂದರು ವೈದ್ಯರು.

"ಗಂಡಿನ ಕಡೆಯವ್ರು ಮುಂದಿನ ವಾರಾನೇ ಬರ್ತಿದಾರಲ್ಲ ಡಾಕ್ಟ್ರೇ," ಎಂದು ತಾಯಿ ಪೇಚಾಡಿದರು.

"ಹಲ್ಲು ಬರೋವರ್ಗೂ ನಾನು ನಗೋದೇ ಬೇಡ್ವಾಮ್ಮ?" ಎಂದು ಮಗಳು ಬಾಯ್ತುಂಬ ನಕ್ಕಳು.

ನನಗೆ ಹಳೆಯ ನಗುವೊಂದು ನೆನಪಾಯಿತು. ಬಹಳ ಹಿಂದೆ ಮಲ್ಲೇಶ್ವರಕ್ಕೆ ಹೆಣ್ಣು ನೋಡಲು ಹೋಗಿದ್ದಾಗ, ಉಪ್ಪಿಟ್ಟಿನ ತಟ್ಟೆ ಕೊಡುತ್ತಾ ಒಬ್ಬಳು ನನ್ನ ಯಾವುದೋ ಮಾತಿಗೆ ಹೀಗೆಯೇ ನಕ್ಕಿದ್ದಳು. ಅವಳಿಗೂ ಮುಂದಿನ ಹಲ್ಲಿರಲಿಲ್ಲ. ಆ ನಗು ನನಗೆ ತುಂಬ ಹಿಡಿಸಿತ್ತು. ಆದರೆ ನಮ್ಮವರು ಮುಖ ಮುಖ ನೋಡಿಕೊಂಡಾಗ ನಾಚಿಕೆಯಾಗಿ, "ಬೊಚ್ಚುಬಾಯಿ ಹುಡುಗಿ ನಂಗೆ ಬೇಡ" ಎಂದುಬಿಟ್ಟೆ, ಅವಳೆದುರೇ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಕ್ಷಮೆ ಕೇಳಲು ಎಂದೂ ಹೋಗಲಿಲ್ಲ. ಅವಳ ಹೆಸರನ್ನು ಇಲ್ಲಿ ಬರೆಯಹೊರಟು ಪೆನ್ನು ನಿಲ್ಲಿಸಿದ್ದೇನೆ. ಆ ನಗುವನ್ನು ಇನ್ನೊಮ್ಮೆ ನೋಡುವ ಆಸೆ ಮಾತ್ರ ಈ ವಯಸ್ಸಿನಲ್ಲೂ ಹೋಗಿಲ್ಲ.