ಬಿಳಿ ದಾರದ ಹೊಲಿಗೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಗುತ್ತೂರಿನ ನಮ್ಮ ಓಣಿಯಲ್ಲಿ ಅರ್ಧ ಜನಕ್ಕೆ ಏನಾದರೊಂದು ಕಂಡಿದೆ. ಒಬ್ಬರಿಗೆ ಹೊಳೆದಂಡೆಯಲ್ಲಿ ಬಿಳಿ ಸೀರೆ, ಇನ್ನೊಬ್ಬರಿಗೆ ಹುಣಸೆಮರದ ಕೆಳಗೆ ಬೀಡಿಯ ಬೆಂಕಿ. ನನಗೆ ಏನೂ ಕಂಡಿರಲಿಲ್ಲ, ಕಾಣಲಿ ಅನ್ನುವ ಆಸೆಯೂ ಇರಲಿಲ್ಲ. ಮಾಡರ್ನ್ ಆರ್ಟನ್ನೂ ನಾನು ಅದೇ ಲೆಕ್ಕಕ್ಕೆ ಸೇರಿಸಿದ್ದೆ. ಇಲ್ಲದ್ದನ್ನು ಇದೆ ಅಂತ ನಂಬಿಸುವವರ ಕಸುಬು ಅದು ಅಂದುಕೊಂಡಿದ್ದೆ. ಈಗ ಹೇಳುತ್ತಿರುವುದರಲ್ಲಿ ಎರಡೂ ಸೇರಿಕೊಂಡಿವೆ. ನಂಬಿ ಅಂತ ನಿಮ್ಮನ್ನು ಒತ್ತಾಯ ಮಾಡುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದೆ. ಗುತ್ತೂರಿನಿಂದ ಹರಿಹರಕ್ಕೆ ಆಟೋ, ಅಲ್ಲಿಂದ ಬಸ್ಸು. ಮುಖ ಬರೆಯುವುದರಲ್ಲಿ ನನ್ನ ಕೈ ಚೆನ್ನಾಗಿತ್ತು, ಅದರ ಸೊಕ್ಕೂ ಇತ್ತು. ಆನೆಕೊಂಡದ ಕಡೆಯ ಹಳೇ ಹತ್ತಿ ಗೋದಾಮೊಂದನ್ನು ಯಾರೋ ಅನುಕೂಲಸ್ಥರು ತೊಳೆಸಿ ಬಳಿಸಿ ಮ್ಯೂಸಿಯಂ ಮಾಡಿದ್ದರು. ನಮ್ಮ ಸರ್ ಅದನ್ನು ನೋಡಿಕೊಂಡು ಬಂದು ನಾಲ್ಕು ಕೃತಿಗಳ ಬಗ್ಗೆ ಬರೆಯಿರಿ ಅಂದರು. ‘ಪುಸ್ತಕದಾಗ ಇರೋದು ಬ್ಯಾಡ. ನೋಡಿದಾಗ ನಿಮಗೆ ಏನಾತು, ಅಷ್ಟೇ ಬರೀರಿ’ ಅಂದರು. ನನಗೆ ಏನೂ ಆಗುವುದಿಲ್ಲ ಅಂತ ನೋಡುವ ಮೊದಲೇ ಗೊತ್ತಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಬೇರೆಯದೇ ಗದ್ದಲ ನಡೆದಿತ್ತು. ನನ್ನ ಅಣ್ಣ ಮಂಜ ಅದಕ್ಕೂ ಕೆಲವು ವರ್ಷ ಮೊದಲು ಮನೆ ಬಿಟ್ಟು ಹೋಗಿದ್ದ. ಜಗಳ ಆಡಿ ಹೋದವನಲ್ಲ. ಕೆಲಸಕ್ಕೆ ಹೋಗುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು, ಬೇರೆ ಕಡೆ ನೋಡುತ್ತೇನೆ ಅಂತ ಬೆಳಗ್ಗೆ ರೊಟ್ಟಿ ತಿಂದು ಹೋದ. ಆಮೇಲೆ ಫೋನು ಹತ್ತಲಿಲ್ಲ. ಹರಿಹರದ ಸೇತುವೆ ಮೇಲೆ ಒಬ್ಬನೇ ನಿಂತಿದ್ದನ್ನು ಕಂಡೆ ಅಂತ ಒಬ್ಬರು ಹೇಳಿದರು. ಅಲ್ಲಿಂದ ಊರ ಬಾಯಲ್ಲಿ ಅವನು ಹೊಳೆಗೆ ಹೋದವನೇ ಆಗಿಬಿಟ್ಟ. ಹೆಣ ಸಿಕ್ಕಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಹೋದ ಹಿರಿಯರ ಹೆಸರಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಇಡುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅವರ ಪಂಚೆಯೂ ಅಲ್ಲಿ ಸೇರಿತ್ತು. ಆ ವರ್ಷ ದೊಡ್ಡಪ್ಪ ಮಂಜನ ಹೆಸರಲ್ಲೂ ಒಂದು ಅಂಗಿ ಇಡಲೇಬೇಕು ಅಂತ ಪಟ್ಟು ಹಿಡಿದರು. ‘ಎಷ್ಟು ವರ್ಷ ಅಂತ ಅವನನ್ನ ಬಾಗ್ಲಾಗ ನಿಲ್ಲಿಸ್ತೀಯ ಗಿರಿಜಮ್ಮ? ಈ ಕಡಿಗೂ ಇಲ್ಲ, ಆ ಕಡಿಗೂ ಇಲ್ಲ. ಪಾಪ ಅವನಿಗಾದ್ರೂ ಬಿಡುಗಡೆ ಬ್ಯಾಡೇನು?’ ಅಂತ ಅವ್ವನಿಗೆ ಅಂದರು. ಅವರೇನು ಕೆಟ್ಟವರಲ್ಲ. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಅಂಗಿ ಇಟ್ಟರೆ ಮಗ ಸತ್ತ ಅಂತ ತಾನೇ ಒಪ್ಪಿದ ಹಾಗೆ ಅಂತ ಅವ್ವ ಅಷ್ಟು ವರ್ಷ ಗಟ್ಟಿಯಾಗಿ ನಿಂತಿದ್ದಳು. ಆ ಸಲ ಸೋತಳು. ‘ಆತು ಬಿಡ್ರಿ’ ಅಂದಳು.

ಅಂಗಿ ತರಲು ದಾವಣಗೆರೆಯ ಚೌಕಿಪೇಟೆಗೆ ನಾವಿಬ್ಬರೂ ಹೋದೆವು. ಅಂಗಡಿಯವನು ಅಳತೆ ಕೇಳಿದಾಗ ಅವ್ವ ತಡವರಿಸಿದಳು. ಹೋದಾಗ ಇದ್ದ ಅಳತೆ ಹೇಳಬೇಕೋ, ಈಗ ಇರಬಹುದಾದ್ದು ಹೇಳಬೇಕೋ ಅವಳಿಗೆ ತಿಳಿಯಲಿಲ್ಲ. ಕೊನೆಗೆ ನಾನೇ ಏನೋ ಒಂದು ಹೇಳಿದೆ. ಹೊರಗೆ ಬಂದ ಮೇಲೆ ಅವ್ವನ ಮುಖ ನೋಡಿ ಹಾಗೇ ಮನೆಗೆ ಕರೆದುಕೊಂಡು ಹೋಗುವ ಧೈರ್ಯ ಆಗಲಿಲ್ಲ. ಹೇಗೂ ಮ್ಯೂಸಿಯಂ ನೋಡುವುದಿತ್ತು. ‘ಬಾರವ್ವ, ಒಂದು ತಮಾಷೆ ತೋರಿಸ್ತೀನಿ’ ಅಂತ ಆಟೋ ಹತ್ತಿಸಿದೆ.

ಮೊದಲು ತಮಾಷೆಯೇ ಆಯಿತು. ಬಾಗಿಲ ಹತ್ತಿರ ಬಗ್ಗಿಸಿದ ಕಬ್ಬಿಣದ ಕುರ್ಚಿಯೊಂದಿತ್ತು, ಕೂರಬೇಡಿ ಅಂತ ಚೀಟಿ ಹಚ್ಚಿದ್ದರು. ‘ಕೂಡ್ರಾಕ ಬಿಡಲ್ಲ ಅಂದ್ರ ಕುರ್ಚಿ ಯಾಕ ಮಾಡಿದ್ರು?’ ಅಂದಳು ಅವ್ವ. ಕಪ್ಪು ಹಲಗೆಯ ಮೇಲೆ ಅಡ್ಡಡ್ಡ ಮೂರು ಬಿಳಿ ಪಟ್ಟೆ ಎಳೆದ ದೊಡ್ಡ ಚಿತ್ರ ಬಂತು. ನಾನು ಏನಾದರೂ ಹೇಳುವ ಮುಂಚೆ ಅವ್ವ ಚಪ್ಪಲಿ ಬಿಟ್ಟು ವಿಭೂತಿಗೆ ಕೈ ಮುಗಿದಾಗಿತ್ತು. ನೋಡಿಕೊಳ್ಳಲು ಇದ್ದ ಹುಡುಗಿ ನಕ್ಕಳು, ನಾನೂ ನಕ್ಕೆ. ಇದನ್ನೇ ಬರೆಯಬೇಕು ಅಂದುಕೊಂಡೆ. ‘ಮೊದಲನೆಯದು ಕಾಲು ನೋಯುವಾಗ ಸಿಟ್ಟು ತರಿಸಿತು. ಎರಡನೆಯದು ನಮ್ಮವ್ವನಿಂದ ನಮಸ್ಕಾರ ಗಿಟ್ಟಿಸಿತು.’ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಾ ನಡೆದೆ.

ಒಳಗಿನ ದೊಡ್ಡ ಕೋಣೆಯಲ್ಲಿ ತಂತಿ ಕಟ್ಟಿ ಹಳೇ ಅಂಗಿಗಳನ್ನು ನೇತುಹಾಕಿದ್ದರು, ಅಷ್ಟೇ. ಗಂಡಸರ ಅಂಗಿಗಳು, ಸಾಲಾಗಿ, ತಲೆಯಿಂದ ಸ್ವಲ್ಪ ಮೇಲೆ. ನಡುವೆ ಓಡಾಡಬಹುದಿತ್ತು. ಗೋಡೆಯ ಮೇಲೆ ‘ಹೆಸರಿಲ್ಲ’ ಅಂತ ಬರೆದಿತ್ತು. ‘ನೋಡವ್ವ, ನೀನೂ ದಿನಾ ಕಲೆ ಮಾಡ್ತೀಯ, ಹಿತ್ತಲಾಗ’ ಅಂದೆ. ತಿರುಗಿ ನೋಡಿದರೆ ಅವ್ವ ಎರಡನೇ ಸಾಲಿನ ಒಂದು ಅಂಗಿಯ ಅಂಚು ಹಿಡಿದುಕೊಂಡು ನಿಂತಿದ್ದಳು. ಕೈಚೀಲ ಕೆಳಗೆ ಬಿದ್ದಿತ್ತು.

‘ಮಂಜಂದು’ ಅಂದಳು.

ತಿಳಿನೀಲಿ ಬಟ್ಟೆ, ಸಣ್ಣ ಬಿಳಿ ಗೆರೆ. ಅಂಥ ಬಟ್ಟೆ ಯಾರ ಹತ್ತಿರ ಇರುವುದಿಲ್ಲ ಹೇಳಿ. ಆದರೆ ಜೇಬಿನ ಕೆಳಗೆ ಒಂದು ಗೇಣಿನಷ್ಟು ಹಸಿರು ದಾರದ ಹೊಲಿಗೆ ಇತ್ತು. ಅಣ್ಣ ಮುಳ್ಳುತಂತಿ ಹಾರುವಾಗ ಹರಿದುಕೊಂಡಿದ್ದ. ಮನೆಯಲ್ಲಿ ನೀಲಿ ದಾರ ಇಲ್ಲ ಅಂತ ಅವ್ವ ಹಸಿರಲ್ಲಿ ಹೊಲಿದಿದ್ದಳು, ಅವನು ಗಿಳಿ ಕಚ್ಚಿದಂಗೈತೆ ಅಂತ ರೇಗಿದ್ದ. ಅವ್ವನದು ಎಡಗೈ. ಎಲ್ಲರ ಹೊಲಿಗೆ ಒಂದು ಕಡೆ ವಾಲಿದರೆ ಅವಳದು ಇನ್ನೊಂದು ಕಡೆ ವಾಲುತ್ತದೆ. ಇದೂ ಹಾಗೇ ವಾಲಿತ್ತು. ಅಪ್ಪನ ಅಂಗಿಯಿಂದ ಕಿತ್ತು ಹಚ್ಚಿದ್ದ ಕಂದು ಗುಂಡಿಯೂ ಅದೇ ಜಾಗದಲ್ಲಿತ್ತು.

ಆ ಹುಡುಗಿ ಓಡಿ ಬಂದು ‘ಅಮ್ಮಾ, ಮುಟ್ಟಂಗಿಲ್ರಿ’ ಅಂದಳು. ನಾನು ಅವ್ವನನ್ನು ಹಿಡಿದು ಎಳೆದುಕೊಂಡೇ ಹೊರಗೆ ಬಂದೆ. ಬಸ್ಸಿನಲ್ಲಿ ಜಗಳ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬರುತ್ತಾರಲ್ಲ, ಅವರಿಗೆ ಆ ಅಂಗಿ ಹೋಗಿರಬೇಕು ಅಂತ ನಾನು. ‘ಅವನ ಅಂಗಿ ಕೊಟ್ಟು ನಾನು ಡಬ್ಬಿ ತಗೊಳ್ಳೋಳೇನೇ?’ ಅಂತ ಅವ್ವ. ನೀನೇ ಕೊಟ್ಟಿರಬೇಕು ಅಂತ ನನ್ನ ಮೇಲೇ ಹೊರಿಸಿದಳು. ಮಂಜ ಹೋಗುವ ಹಿಂದಿನ ದಿನ ಹಾಕಿದ್ದ ಅಂಗಿ ಅದು. ಮೈಯ ವಾಸನೆ ಹೋಗುತ್ತದೆ ಅಂತ ಒಗೆಯದೆ ಟ್ರಂಕಿನಲ್ಲಿ ಇಟ್ಟಿದ್ದಳು. ಇಬ್ಬರೂ ಕಣ್ಣೀರು ಹಾಕಿಕೊಂಡೇ ಹರಿಹರದಲ್ಲಿ ಇಳಿದೆವು.

ಮನೆಗೆ ಬಂದು ಟ್ರಂಕು ತೆಗೆದರೆ ಅಂಗಿ ಅಲ್ಲೇ ಇತ್ತು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಹಸಿರು ಹೊಲಿಗೆ, ಕಂದು ಗುಂಡಿ, ಎಲ್ಲ ಇತ್ತು. ಯಪ್ಪಾ, ನಾನು ಹೆದರಿ ಮುಚ್ಚಳ ಹಾಕಿ ಮತ್ತೆ ತೆಗೆದು ನೋಡಿದೆ. ಅವ್ವ ಮಾತ್ರ ಹೆದರಲಿಲ್ಲ. ‘ನಾಳೆ ಹೋಗಾಣ’ ಅಂದಳು.

ಮಾರನೇ ದಿನ ಟ್ರಂಕಿನ ಅಂಗಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದೆವು. ನಿನ್ನೆಯದು ಇರುವುದಿಲ್ಲ, ಇದ್ದರೂ ಬೇರೆ ಥರ ಕಾಣುತ್ತದೆ ಅಂತ ನನ್ನ ಲೆಕ್ಕ. ಅದು ಅದೇ ಜಾಗದಲ್ಲಿ ನೇತಾಡುತ್ತಿತ್ತು. ವಿಷಯ ಹೇಳಿದ ಮೇಲೆ ಆ ಹುಡುಗಿ ಯಾರನ್ನೂ ಕೇಳದೆ ತಾನೇ ಸ್ಟೂಲ್ ಹತ್ತಿ ಹ್ಯಾಂಗರ್ ಇಳಿಸಿಕೊಟ್ಟಳು. ಮೂವರೂ ನೆಲದ ಮೇಲೆ ಕೂತು ಎರಡು ಅಂಗಿ ಪಕ್ಕಪಕ್ಕ ಹರಡಿದೆವು. ಹರಕು ಒಂದೇ ಉದ್ದ, ಒಂದೇ ಸೊಟ್ಟ. ಹಸಿರು ಹೊಲಿಗೆ ಅದಕ್ಕೂ ಇದಕ್ಕೂ ಒಂದೇ. ದಾರವನ್ನು ಹಲ್ಲಿನಿಂದ ಕಡಿದು ಬಿಟ್ಟ ಬಾಲವೂ ಒಂದೇ. ‘ಇದು ಹೆಂಗ್ರಿ?’ ಅಂದಳು ಆ ಹುಡುಗಿ.

ವ್ಯತ್ಯಾಸ ಇರಲಿಲ್ಲ ಅಂತಲ್ಲ, ಇತ್ತು. ನಮ್ಮದು ಮಂಜ ಬಿಟ್ಟು ಹೋದಾಗ ಹೇಗಿತ್ತೋ ಹಾಗೇ ಇತ್ತು. ಅಲ್ಲಿಯದು ಆಮೇಲೆ ಎಷ್ಟೋ ವರ್ಷ ಮೈಮೇಲೆ ಸವೆದ ಹಾಗಿತ್ತು. ನೀಲಿ ಬಿಳಿಚಿಕೊಂಡಿತ್ತು, ಮೊಣಕೈ ಹತ್ತಿರ ನೂಲು ತೆಳುವಾಗಿತ್ತು. ಕಾಲರ್ ಹರಿದು ಮತ್ತೆ ಹೊಲಿದಿತ್ತು. ಆ ಹೊಲಿಗೆ ಬಿಳಿ ದಾರದ್ದು, ಸಣ್ಣದು, ಒತ್ತಾದದ್ದು, ಬಲಗೈಯವರ ಹೊಲಿಗೆ. ಅವ್ವ ಬೆರಳಿನಿಂದ ಅದನ್ನೇ ಸವರುತ್ತಾ ಬಹಳ ಹೊತ್ತು ಕೂತಳು. ‘ಅವಸರ ಮಾಡಿಲ್ಲ ನೋಡು. ಚೆಂದ ಹೊಲ್ದಾಳೆ’ ಅಂದಳು.

ಅಂಗಿಗಳನ್ನು ತಂದ ಕಲಾವಿದೆಗೆ ಆ ಹುಡುಗಿ ಫೋನು ಹಚ್ಚಿ ಕೊಟ್ಟಳು. ನಾನು ಮಾತಾಡಿದೆ. ಊರೂರಿನ ಹಳೇ ಬಟ್ಟೆ ವ್ಯಾಪಾರಿಗಳಿಂದ ಮೂಟೆಗಟ್ಟಲೆ ಕೊಂಡಿದ್ದು, ಯಾವುದು ಎಲ್ಲಿಯದು ಅಂತ ಹೇಳಲಾಗುವುದಿಲ್ಲ ಅಂದರು ಆಕೆ. ಬೇಕಿದ್ದರೆ ಅಂಗಿ ಇಟ್ಟುಕೊಳ್ಳಿ ಅಂತಲೂ ಅಂದರು. ನಾನು ಅವ್ವನಿಗೆ ಹೇಳಿದೆ. ‘ಬ್ಯಾಡ. ಅದು ನಾನು ಕೊಟ್ಟಿದ್ದಲ್ಲ, ಅವರ ಮನೇದು’ ಅಂತ ತಾನೇ ಮತ್ತೆ ಹ್ಯಾಂಗರಿಗೆ ಹಾಕಿ, ಭುಜ ಸರಿಮಾಡಿ ಕೊಟ್ಟಳು. ಯಾರ ಮನೆ ಅಂತ ನಾನು ಕೇಳಲಿಲ್ಲ. ವಾಪಸ್ಸು ಬರುವಾಗ ಚೌಕಿಪೇಟೆಯಲ್ಲಿ ನನ್ನನ್ನು ಹೊರಗೆ ನಿಲ್ಲಿಸಿ ಬಟ್ಟೆ ಅಂಗಡಿಗೆ ಹೋದಳು. ಎಡೆಗೆ ತಂದ ಅಂಗಿ ಕೈಚೀಲದಲ್ಲಿರಬೇಕು, ವಾಪಸ್ಸು ಕೊಡುತ್ತಾಳೆ ಅಂದುಕೊಂಡೆ.

ಕಾಲೇಜಿಗೆ ಕುರ್ಚಿ, ಪಟ್ಟೆ ಇತ್ಯಾದಿ ಬರೆದುಕೊಟ್ಟೆ. ನಾಲ್ಕನೆಯದಕ್ಕೆ ‘ಹೆಸರಿಲ್ಲ’ ಅಂತ ತಲೆಬರಹ ಹಾಕಿ ಪುಟ ಖಾಲಿ ಬಿಟ್ಟೆ. ಬರೆಯಲು ಆಗಲಿಲ್ಲ, ಅಷ್ಟೇ. ಸರ್ ಅದನ್ನು ಮಾಡರ್ನ್ ಅಂದುಕೊಂಡು ಎಲ್ಲದಕ್ಕಿಂತ ಜಾಸ್ತಿ ಮಾರ್ಕ್ಸ್ ಅದಕ್ಕೇ ಕೊಟ್ಟರು.

ಅಮಾವಾಸ್ಯೆ ದಿನ ಎಡೆ ಇಡುವಾಗ ಅಪ್ಪನ ಪಂಚೆ ಇತ್ತು, ಅಜ್ಜ ಅಜ್ಜಿಯರ ಬಟ್ಟೆ ಇತ್ತು. ದೊಡ್ಡಪ್ಪ ಸುತ್ತ ನೋಡಿ ‘ಮಂಜಂದು ಎಲ್ಲಿ?’ ಅಂದರು. ‘ಇಡಲ್ರಿ ಭಾವ’ ಅಂದಳು ಅವ್ವ. ಜೋರು ಮಾಡಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದು ತೋರಿಸಿದಳು. ಹಳೇ ಅಂಗಿಯ ಮೇಲೆ ಹೊಸ ಅಂಗಿ, ಅದರ ಮೇಲೆ ಹಸಿರು ಅಂಚಿನ, ಇನ್ನೂ ಹೊಲಿಸದ ಒಂದು ಕುಪ್ಪಸದ ಕಣ. ಸೊಸೆಯಂದಿರಿಗೆ ಉಡಿ ತುಂಬುವಾಗ ಕೊಡುವಂಥದ್ದು.

‘ಇದ್ಯಾರಿಗೆ?’ ಅಂದರು ದೊಡ್ಡಪ್ಪ.

‘ಅವನ ಕಾಲರ್ ಹೊಲ್ದಾಕಿಗೆ.’

ದೊಡ್ಡಪ್ಪ ನನ್ನ ಮುಖ ನೋಡಿದರು. ಓದಿದ ಹುಡುಗಿ, ತಾಯಿಗೆ ಬುದ್ಧಿ ಹೇಳು ಅನ್ನುವ ನೋಟ. ನನ್ನ ಫೋನಿನಲ್ಲಿ ಅವತ್ತು ತೆಗೆದ ಎರಡೂ ಅಂಗಿಯ ಫೋಟೋ ಇತ್ತು. ಈಗಲೂ ಇದೆ, ನೋಡಿದವರು ಒಂದೇ ಕಂಪನಿಯವು ಅಂತಾರೆ. ಮಂಜ ಇದ್ದಾನೆ ಅನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ, ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಮ್ಮವ್ವನಿಗೆ ಆದದ್ದು ಒಳ್ಳೆಯದೋ ಕೆಟ್ಟದ್ದೋ ಅದೂ ತಿಳಿಯದು. ಆ ರಾತ್ರಿಯಿಂದ ಅವಳು ನಿದ್ದೆ ಮಾಡುತ್ತಾಳೆ, ಅದಂತೂ ನಿಜ. ಮಂಜ ಇನ್ನೂ ಬಂದಿಲ್ಲ.

ಒಂದೇ ಮಡಿಕೆಯಲ್ಲಿ ಬಹಳ ವರ್ಷ ಇಟ್ಟರೆ ಬಟ್ಟೆ ಮಡಿಕೆಯಲ್ಲೇ ಸೀಳುತ್ತದೆ. ಅದಕ್ಕೆ ಪ್ರತಿ ವರ್ಷ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕಿದಾಗ ಆ ಕಣವನ್ನು ಬಿಚ್ಚಿ, ಬೇರೆ ಥರ ಮಡಿಚಿ ಇಡಬೇಕು. ಅವ್ವನಿಗೆ ಈಗ ಕಣ್ಣು ಮಂಜು. ಅದನ್ನು ನಾನೇ ಮಾಡುತ್ತೇನೆ.