ಎಣ್ಣೆಗೈಗೂ ಜಾರದ ಹಿಡಿ

೧೯೯೯ರಲ್ಲಿ ಕಾಪುವಿನ ಬಸ್ಸಿನಲ್ಲಿ ಚೀಲದ ತುಂಬ ಕುಕ್ಕರ್ ಹಿಡಿಗಳನ್ನು ಹೊತ್ತು ಕೂರುತ್ತಿದ್ದ ವಲೇರಿಯನ್ ಸರ್ ಅವರನ್ನು ನಾನು ರಿಪೇರಿಯವರೆಂದೇ ತಿಳಿದು ನಮ್ಮ ಮನೆಯ ಕುಕ್ಕರನ್ನು ಕೊಟ್ಟುಬಿಟ್ಟಿದ್ದೆ. ಅವರು ಮಣಿಪಾಲದಲ್ಲಿ ಪ್ಲಾಸ್ಟಿಕ್ ಸಂಶೋಧಕರೆಂದು ತಿಳಿದದ್ದು ಎರಡು ತಿಂಗಳ ಬಳಿಕ, ಕುಕ್ಕರ್ ಹೊಸ ಹಿಡಿಯ ಜೊತೆ ಒಂಬತ್ತು ಪುಟದ ವರದಿಯನ್ನೂ ಹೊತ್ತು ಮರಳಿದಾಗ. ಆ ಹಿಡಿಯನ್ನು ಪ್ಲಾಸ್ಟಿಕ್ ಎಂದರೆ ಅವರಿಗೆ ಸಿಟ್ಟು. “ಬರೀ ಪ್ಲಾಸ್ಟಿಕ್ ಅಂದರೆ ನಿಮ್ಮ ಬಕೆಟ್, ಬಿಸಿ ತಾಗಿದರೆ ಕರಗುತ್ತದೆ. ಇದು ಥರ್ಮೋಸೆಟ್. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವ ಮಾತೇ ಇಲ್ಲ” ಎನ್ನುವಾಗ ಸ್ವಂತ ಮನೆತನವನ್ನು ಹೊಗಳುವ ಗತ್ತು. ಅವರ ಮನೆಗೆ ಹೋದವರಿಗೆ ಚಹಾಕ್ಕಿಂತ ಮೊದಲು ಅಂಗೈಗೆ ತೆಂಗಿನೆಣ್ಣೆ ಸಿಗುತ್ತದೆ. ಆ ಎಣ್ಣೆಗೈಯಲ್ಲಿ ನೀರು ತುಂಬಿದ ಕುಕ್ಕರ್ ಎತ್ತಿ, ಹಿಡಿ ಜಾರಿತೋ ಇಲ್ಲವೋ ಹೇಳಬೇಕು. ಹಿಡಿಯ ಮೈಯನ್ನು ಅವರು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಒಮ್ಮೆ ನೀರ ಹನಿ ನಿಲ್ಲದಷ್ಟು ನುಣುಪು, ಇನ್ನೊಮ್ಮೆ ಬೆಕ್ಕಿನ ನಾಲಿಗೆಯಷ್ಟು ತರಿ. ಮನೆ ಆಶೀರ್ವದಿಸಲು ಬಂದ ಪಾದ್ರಿಗಳೂ ಎರಡು ಸಲ ಎತ್ತಿಯೇ ಹೋಗಿದ್ದಾರೆ. “ಸರ್, ಹಿಡಿ ಗಟ್ಟಿ ಉಂಟು, ನನ್ನ ಸೊಂಟ ಇಲ್ಲ” ಎಂದರೆ ಅದನ್ನೂ ಬರೆದುಕೊಳ್ಳುತ್ತಾರೆ. ಅವರ ಹೆಂಡತಿ ಲೊರ್ನಾ ಟೀಚರ್ ಮಾತ್ರ ಎತ್ತುವುದಿಲ್ಲ. ನಗುತ್ತ ಚಹಾ ಕೊಡುವ ಅವರ ಬಲಗೈಯಲ್ಲಿ ಮಣಿಕಟ್ಟಿನವರೆಗೂ ಹಳೆಯ ಸುಟ್ಟ ಕಲೆ. ಮೊನ್ನೆ ಕೇಳಿಯೇಬಿಟ್ಟೆ: “ಇಷ್ಟು ವರ್ಷ ಇದೆಂತ ಸರ್? ಬಟ್ಟೆ ಸುತ್ತಿ ಎತ್ತಲಿಕ್ಕೆ ಟೀಚರಿಗೆ ಹೇಳಿದ್ದರೆ ಸಾಕಿತ್ತು, ಅಲ್ವಾ?” ಸರ್ ಕೈಯಲ್ಲಿದ್ದ ಹಿಡಿಯಿಂದ ಕಣ್ಣು ತೆಗೆಯಲಿಲ್ಲ. “ಆ ದಿನ ಕುಕ್ಕರ್ ಎತ್ತಿದ್ದು ನಾನು ಮಾರಾಯ್ರೇ. ಜಾರಿದ್ದು ನನ್ನ ಕೈಯಿಂದ, ಗಂಜಿ ಬಿದ್ದದ್ದು ಅವಳ ಕೈ ಮೇಲೆ.”